ಬುಸ್ಸಣ್ಣನ ಗಾಳಿಗೆ ಧೂಳಿನ ಪಾಲು

ಬುಸ್ಸಣ್ಣನನ್ನು ನಾನು ಮೊದಲು ಕಂಡದ್ದು ಒಂದು ಬುಧವಾರ, ಬೆಳಗ್ಗೆ ಹತ್ತೂಕಾಲಿಗೆ. ಹದಿನೆಂಟು ವರ್ಷವಾಯಿತು. ಹೊತ್ತು ಹೇಗೆ ನೆನಪಿದೆ ಅಂದರೆ, ಅವತ್ತು ಗುಜರಿ ಅಂಗಡಿಯಲ್ಲಿ ಮೊದಲ ತೂಕಕ್ಕೆ ಬಂದದ್ದು ಒಂದು ಹಳೇ ಫ್ರಿಜ್ಜು, ಹತ್ತು ಗಂಟೆಗೆ ಮುಂಚೆ ನಾನು ಯಾವ ತೂಕವನ್ನೂ ಹಾಕುತ್ತಿರಲಿಲ್ಲ. ಫ್ರಿಜ್ಜು ಮೂವತ್ತೆಂಟು ಕೆಜಿ ನಾನೂರು ಗ್ರಾಂ ಬಂತು. ಸ್ಲೇಟಿನ ಮೇಲೆ ಬರೆದು ತಿರುಗುವಷ್ಟರಲ್ಲಿ ಒಬ್ಬ ದಪ್ಪನೆಯ ಮನುಷ್ಯ ಅದರ ಹಿಂದೆ ಕುಕ್ಕರಗಾಲಲ್ಲಿ ಕೂತು ತಾಮ್ರದ ಕೊಳವೆಗೆ ಇಕ್ಕಳ ಹಾಕಿಯೇಬಿಟ್ಟಿದ್ದ. ಬುಸ್ ಅಂತ ಸದ್ದಾಯಿತು. ಆ ಸದ್ದು ಪೂರ್ತಿ ಅಡಗುವವರೆಗೂ ಅವನು ಕಣ್ಣು ಮುಚ್ಚಿಕೊಂಡು ಕೇಳಿದ, ಹಾಡು ಕೇಳುವವರ ಹಾಗೆ.

ಅವನಿಗೆ ಬೇಕಾಗಿದ್ದದ್ದು ಫ್ರಿಜ್ಜಿನ ಕಂಪ್ರೆಸರ್. ನಮ್ಮಲ್ಲಿ ಯಾವ ಸಾಮಾನಿಗೆ ಕೈ ಹಾಕಿದರೂ ಮತ್ತೆ ತೂಗಬೇಕು, ಅದು ನನ್ನ ಗಂಡ ಇದ್ದಾಗಿನಿಂದ ನಡೆದುಬಂದದ್ದು. ಅವರು ಹೋದ ಮೇಲೆ ಅದೇ ತೂಕದ ಕಾಟಾದ ಮುಂದೆ, ಅದೇ ಸ್ಟೂಲಿನ ಮೇಲೆ ನಾನು ಕೂತೆ. ಮತ್ತೆ ತೂಗಿದೆ. ಮೂವತ್ತೆಂಟು ಮುನ್ನೂರು.

"ನೂರು ಗ್ರಾಂ ಎಲ್ಲಿ ಹೋಯ್ತಪ್ಪ?" ಅಂದೆ.

"ಯಾವ ನೂರು ಗ್ರಾಂ ಅಕ್ಕ? ನಾನು ಇನ್ನೂ ಒಂದು ಸ್ಕ್ರೂ ಬಿಚ್ಚಿಲ್ಲ."

"ನೀನು ಬಂದಾಗ ನಾನೂರಿತ್ತು. ಈಗ ಮುನ್ನೂರಿದೆ. ಜೇಬು ತೋರ್ಸು."

ಅವನು ಎರಡು ಜೇಬನ್ನೂ ಹೊರಗೆಳೆದು ತೋರಿಸಿದ. ಒಂದರಲ್ಲಿ ಬೀಗದ ಕೈ, ಇನ್ನೊಂದರಲ್ಲಿ ಅರ್ಧ ಬಿಸ್ಕತ್ತು. ಆಮೇಲೆ ನಗು ಬಂತು ಅವನಿಗೆ. "ಅದು ಗ್ಯಾಸ್ ಅಕ್ಕ. ಬುಸ್ ಅಂತ ಹೋಯ್ತಲ್ಲ, ಕೇಳಿಸ್ಲಿಲ್ವಾ?"

"ಗಾಳಿಗೆ ತೂಕ ಇರುತ್ತಾ?"

"ಇರುತ್ತೆ. ಈಗ ಮೇಲೆ ಹೋಗಿದೆ. ಬೇಕಾದ್ರೆ ಆಕಾಶದ ಹೆಸರಿಗೆ ಬರ್ಕೊಳ್ಳಿ, ವಸೂಲಿ ಮಾಡ್ಕೊಳ್ಳೋಣ."

ನಾನು ಬರೆದುಕೊಂಡೆ. ಪುಸ್ತಕದ ಹಿಂದಿನ ಹಾಳೆಯಲ್ಲಿ ಒಂದು ಗೆರೆ ಎಳೆದು, ನೂರು ಗ್ರಾಂ ಅಂತ ಬರೆದು, ಪಕ್ಕದಲ್ಲಿ ಒಂದು ಮೋಡ ಬಿಡಿಸಿದೆ. ಆಕಾಶ ಅಂತ ಬರೆಯಲು ಆಗ ನನಗೆ ಬರುತ್ತಿರಲಿಲ್ಲ. ಅಂಕಿಗಳು ಚೆನ್ನಾಗಿ ಗೊತ್ತಿದ್ದವು, ಅಕ್ಷರಗಳಲ್ಲಿ ನನ್ನ ಹೆಸರಿನವು ನಾಲ್ಕು ಮಾತ್ರ. ಉಳಿದವನ್ನು ಈಚೆಗೆ ಕಲಿತೆ. ಈ ಬರಹದಲ್ಲಿ ತಪ್ಪಿದ ಒತ್ತಕ್ಷರಗಳನ್ನು ಬುಸ್ಸಣ್ಣನ ಹೆಂಡತಿ ತಿದ್ದಿದ್ದಾಳೆ. ವಿಷಯವನ್ನು ತಿದ್ದಲು ಬಿಟ್ಟಿಲ್ಲ.

ಬುಸ್ಸಣ್ಣ ಅನ್ನುವುದು ಆ ಸದ್ದಿನಿಂದ ಬಂದ ಹೆಸರು. ಅವನ ಅಪ್ಪ ಐಸ್ ಕಾರ್ಖಾನೆಯಲ್ಲಿ ಐಸಿನ ಗಡ್ಡೆ ಎಳೆಯುತ್ತಿದ್ದವರು. ತಣ್ಣನೆಯ ಕೆಲಸ ವಂಶದಲ್ಲೇ ಬಂತು ಅಂತ ಅವನು ಹೇಳಿಕೊಳ್ಳುತ್ತಿದ್ದ, ಮೈ ಮಾತ್ರ ಯಾವಾಗಲೂ ಬೆವರುತ್ತಿತ್ತು. ಫ್ರಿಜ್ಜು, ಏಸಿ, ಬೇಕರಿಯ ತಂಪು ಪೆಟ್ಟಿಗೆ, ಏನು ಕೆಟ್ಟರೂ ಅವನೇ. ರಿಪೇರಿಗೆ ಮುಂಚೆ ಹಳೇ ಗ್ಯಾಸನ್ನು ಹೊರಗೆ ಬಿಡಬೇಕು, ಆಮೇಲೆ ಹೊಸದು ತುಂಬಬೇಕು. ಎಲ್ಲ ಮೆಕ್ಯಾನಿಕ್ಕರೂ ಹಾಗೇ ಮಾಡುತ್ತಿದ್ದರು. ಉಳಿದವರು ಬಿಟ್ಟು ಅತ್ತ ಹೋಗುತ್ತಿದ್ದರು, ಇವನು ನಿಂತು ಕೇಳುತ್ತಿದ್ದ. ಸದ್ದಿನಲ್ಲೇ ಎಷ್ಟು ಗ್ಯಾಸಿತ್ತು ಅಂತ ಹೇಳುತ್ತಿದ್ದ. ನಾನು ಎಂಟು ಸಲ ತೂಗಿ ಪರೀಕ್ಷೆ ಮಾಡಿದ್ದೇನೆ. ಆರು ಸಲ ಸರಿ ಹೇಳಿದ.

ಅವನ ಮದುವೆಯ ಕಥೆಯೂ ಗ್ಯಾಸಿನದ್ದೇ. ಹೆಂಡತಿ ದರ್ಜಿ, ಬೀದಿಯ ಕೊನೆಯ ಮನೆಯ ಮುಂದಿನ ಕೋಣೆಯಲ್ಲಿ ಮಿಷಿನ್ ಇಟ್ಟುಕೊಂಡಿದ್ದಾಳೆ. ಕಥೆಯನ್ನು ಅವಳು ಹೇಳುವುದೇ ಚೆಂದ. "ಅಮ್ಮನ ಫ್ರಿಜ್ಜು ರಿಪೇರಿಗೆ ಅಂತ ಬಂದ್ರು ಅಕ್ಕ. ಸರಿ ಮಾಡಿ ಹೋದ್ರು. ಹದಿನೈದು ದಿನಕ್ಕೆ ಮತ್ತೆ ಕೆಡ್ತು. ಗ್ಯಾಸ್ ಸೋರಿದೆ ಅಂದ್ರು. ಹಿಂಗೇ ನಾಲ್ಕು ಸಲ. ನಾಲ್ಕನೇ ಸಲ ಅಮ್ಮ ಅಂದ್ಲು, ಈ ಫ್ರಿಜ್ಜು ಸರಿಹೋಗ್ಬೇಕಾದ್ರೆ ಇವನಿಗೆ ಮಗಳನ್ನ ಕೊಟ್ಬಿಡೋದೇ ವಾಸಿ. ಮದುವೆ ಆದ್ಮೇಲೆ ನೋಡಿ, ಇಪ್ಪತ್ತೆಂಟು ವರ್ಷ ಒಂದು ದಿನ ಕೆಡ್ಲಿಲ್ಲ."

"ಅದು ಕಂಪನಿ ಒಳ್ಳೇದು," ಅಂತ ಬುಸ್ಸಣ್ಣ ಗೋಡೆ ನೋಡುತ್ತಾ ಹೇಳುತ್ತಿದ್ದ.

ಆ ಫ್ರಿಜ್ಜು ತಾಯಿಯ ಮನೆಯಿಂದ ಅವಳ ಜೊತೆಗೇ ಬಂತು. ಹಾಲಿನ ಕೆನೆಯ ಬಣ್ಣ, ಹಿಡಿ ಮುರಿದು ಹೋಗಿ ಅಲ್ಲಿ ಒಂದು ಬೆಲ್ಟಿನ ತುಂಡು. ಅದನ್ನು ಹೊರಗೆ ಹಾಕಲು ಅವಳು ಬಿಡಲಿಲ್ಲ.

ಎರಡು ವರ್ಷದ ಹಿಂದೆ, ಗ್ಯಾಸು ತಡೆಯುವ ಯೋಜನೆಯೊಂದರ ಮೇಡಂ ಒಬ್ಬರು ನಮ್ಮ ಅಂಗಡಿಗೆ ಬಂದರು. ಮೆಕ್ಯಾನಿಕ್ಕರನ್ನೆಲ್ಲ ಕರೆಸಿ, ನನ್ನ ಕಾಟಾದ ಪಕ್ಕದಲ್ಲೇ ನಿಂತು ಮಾತಾಡಿದರು. ಹಳೇ ಫ್ರಿಜ್ಜಿನ ಗ್ಯಾಸು ಆಕಾಶಕ್ಕೆ ಹೋಗಿ ಕಂಬಳಿಯ ಹಾಗೆ ಕೂರುತ್ತದೆ, ಭೂಮಿ ಸೆಕೆಯಾಗುತ್ತದೆ ಅಂದರು. ಒಂದು ಕೆಜಿ ಬಿಟ್ಟರೆ, ಒಂದು ಕಾರನ್ನು ಮೂರು ವರ್ಷ ಓಡಿಸಿದಷ್ಟು ಕೇಡು. ಅದನ್ನು ಹೊರಗೆ ಬಿಡದೆ ಸಿಲಿಂಡರಿಗೆ ಎಳೆದುಕೊಂಡು ದೊಡ್ಡ ಕುಲುಮೆಗೆ ಕಳಿಸಿದರೆ ಅಲ್ಲಿ ಸುಟ್ಟು ಇಲ್ಲವಾಗಿಸುತ್ತಾರೆ.

"ಅದಕ್ಕೆಲ್ಲ ಖರ್ಚು ಯಾರು ಕೊಡ್ತಾರೆ?" ಅಂತ ನಮ್ಮ ಅಂಗಡಿಯ ಮಾಲೀಕರು ಕೇಳಿದರು. ಅವರು ಯಾವಾಗಲೂ ಮೊದಲು ಕೇಳುವುದು ಅದನ್ನೇ.

ಮೇಡಂ ಹೇಳಿದ್ದನ್ನು ನನಗೆ ತಿಳಿದ ಹಾಗೆ ಬರೆಯುತ್ತೇನೆ. ದೂರದಲ್ಲಿ ಹೊಗೆ ಬಿಡುವ ಕಂಪನಿಗಳಿವೆ. ತಾವು ಬಿಟ್ಟಷ್ಟನ್ನು ಬೇರೆ ಎಲ್ಲಾದರೂ ಯಾರಾದರೂ ತಡೆದರೆ, ತಡೆದವರಿಗೆ ಅವು ದುಡ್ಡು ಕೊಡುತ್ತವೆ. ಒಂದು ಟನ್ ತಡೆದರೆ ಒಂದು ಚೀಟಿ. ಅದಕ್ಕೆ ಕಾರ್ಬನ್ ಕ್ರೆಡಿಟ್ ಅಂತ ಹೆಸರು, ಅದನ್ನು ಮಾರುವ ಸಂತೆಯೇ ಇದೆಯಂತೆ. ಆ ಚೀಟಿಯ ದುಡ್ಡಿನಲ್ಲೇ ಯಂತ್ರ, ಸಿಲಿಂಡರು, ಮೆಕ್ಯಾನಿಕ್ಕನ ಕೂಲಿ ಎಲ್ಲವೂ.

ಬಟ್ಟೆ ಅಳತೆಗೆ ಬಂದಿದ್ದ ಬುಸ್ಸಣ್ಣನ ಹೆಂಡತಿ ಬಾಗಿಲಲ್ಲೇ ನಿಂತು ಕೇಳಿದಳು. "ಅಂದ್ರೆ ದುಡ್ಡು ಬಿಸಾಕಿ ಅವರು ಆರಾಮಾಗಿ ಹೊಗೆ ಬಿಟ್ಕೊಂಡಿರ್ತಾರಾ?"

ಮೇಡಂಗೆ ಸಿಟ್ಟು ಬರಲಿಲ್ಲ. "ಆ ಜಗಳ ಎಲ್ಲಾ ಕಡೆ ನಡೀತಿದೆ ಅಕ್ಕ. ಅದಕ್ಕೇ ಹೇಳ್ತಿರೋದು, ನಾವು ಬರೆಯೋ ಒಂದೊಂದು ಗ್ರಾಮೂ ನಿಜ ಆಗಿರ್ಬೇಕು. ಇಲ್ಲಾಂದ್ರೆ ಅವರ ಹೊಗೆ ನಿಜ, ನಮ್ಮ ಚೀಟಿ ಸುಳ್ಳು."

ಬುಸ್ಸಣ್ಣ ಅವತ್ತು ಒಂದೂ ಜೋಕ್ ಹೇಳಲಿಲ್ಲ. ಎಲ್ಲರೂ ಹೋದ ಮೇಲೆ ನನ್ನ ಸ್ಟೂಲಿನ ಹತ್ತಿರ ಬಂದು ಕೂತ. "ಅಕ್ಕ, ದಿನಕ್ಕೆ ಎರಡು ಫ್ರಿಜ್ಜು ಅಂತಿಟ್ಕೊಳ್ಳಿ. ಮೂವತ್ತು ವರ್ಷ. ಎಷ್ಟಾಯ್ತು?"

ನಾನು ಸ್ಲೇಟು ತೆಗೆದುಕೊಂಡೆ. ವರ್ಷಕ್ಕೆ ಮುನ್ನೂರು ದಿನ ಹಿಡಿದು, ಫ್ರಿಜ್ಜಿಗೆ ನೂರು ಗ್ರಾಂ ಹಿಡಿದು, ಒಂದು ಸಾವಿರದ ಎಂಟುನೂರು ಕೆಜಿ ಬಂತು. ಅದಕ್ಕೆ ಕಾರು ಎಷ್ಟು ವರ್ಷ ಓಡಬೇಕೆಂದು ಕೇಳಿದ. ಐದು ಸಾವಿರದ ನಾನೂರು ವರ್ಷ ಅಂದೆ.

ಅವನು ಸ್ಲೇಟನ್ನು ತನ್ನ ಕಡೆ ತಿರುಗಿಸಿಕೊಂಡು ಅಂಕಿಗಳನ್ನು ಒಂದೊಂದಾಗಿ ನೋಡಿದ. ಆಮೇಲೆ, "ನನ್ನ ಹತ್ರ ಸೈಕಲ್ ಬಿಟ್ರೆ ಏನೂ ಇಲ್ಲ ಅಕ್ಕ," ಅಂದ.

ಮರುದಿನ ಬೆಳಗ್ಗೆ ಹೆಸರು ಕೊಟ್ಟವರಲ್ಲಿ ಮೊದಲನೆಯವನು ಅವನೇ. ಎರಡನೆಯವರು ಯಾರೂ ಇರಲಿಲ್ಲ. ಗ್ಯಾಸು ಎಳೆಯುವ ಯಂತ್ರ ಬಂತು, ಒಂದು ಸೂಟ್‌ಕೇಸಿನಷ್ಟು ದೊಡ್ಡದು, ಎರಡು ಮುಳ್ಳಿನ ಮೀಟರು, ಎರಡು ಪೈಪು. ಅದು ಅವನದ್ದಲ್ಲ, ಯೋಜನೆಯದ್ದು. ಮೊದಲ ಕಂತಿನ ಗ್ಯಾಸು ಪರೀಕ್ಷೆಯಲ್ಲಿ ಗೆದ್ದರೆ ಅವನಲ್ಲೇ ಉಳಿಯುತ್ತದೆ, ಸೋತರೆ ವಾಪಸು ಹೋಗುತ್ತದೆ. ಅದಿಲ್ಲದಿದ್ದರೆ ಅವನು ಮತ್ತೆ ಇಕ್ಕಳ ಹಿಡಿದು ಬುಸ್ ಅನ್ನಿಸಲೇಬೇಕು, ಬೇರೆ ದಾರಿ ಇಲ್ಲ. ಹೆಂಡತಿ ಯಂತ್ರಕ್ಕೆ ದಪ್ಪ ಬಟ್ಟೆಯ ಗವಸು ಹೊಲಿದು ಜಿಪ್ ಹಾಕಿದಳು. "ಮದುವೆಯಾದಾಗಿಂದ ನನ್ನ ಮುಖ ಇಷ್ಟು ಸಲ ನೋಡಿಲ್ಲ ಇವರು, ಆ ಮುಳ್ಳು ನೋಡಿದಷ್ಟು," ಅನ್ನುತ್ತಿದ್ದಳು.

ಬುಸ್ ಅನ್ನಿಸಲು ಅರ್ಧ ನಿಮಿಷ ಸಾಕು. ಎಳೆಯಲು ಇಪ್ಪತ್ತು ನಿಮಿಷ. ಉಳಿದ ಮೆಕ್ಯಾನಿಕ್ಕರು ಸೈಕಲ್ ನಿಲ್ಲಿಸಿ ರೇಗಿಸುತ್ತಿದ್ದರು.

"ಏನ್ ಬುಸ್ಸಣ್ಣ, ಫ್ರಿಜ್ಜಿನ ಹಾಲು ಕರೀತಿದ್ದೀಯಾ?"

"ಹೂಂ. ಬಕೆಟ್ ತಗೊಂಬಾ, ನಿಂಗೂ ಹಾಕ್ತೀನಿ."

ಎಳೆದವನೇ ತೂಗುವಂತಿಲ್ಲ, ಇನ್ನೊಬ್ಬರು ತೂಗಿ ರುಜು ಹಾಕಬೇಕು ಅನ್ನುವುದು ನಿಯಮ. ಅವನು ನನ್ನ ಹೆಸರು ಹೇಳಿದ. ಅಕ್ಷರ ಬರುವುದಿಲ್ಲವಲ್ಲ ಅಂತ ಮಾಲೀಕರು ಅಂದದ್ದಕ್ಕೆ, "ಗಾಳಿಯ ನೂರು ಗ್ರಾಂಗೆ ನನ್ನ ಜೇಬು ಜಾಲಾಡಿದೋರು ಸಾರ್ ಇವರು. ಇನ್ನೇನು ಬೇಕು?" ಅಂದ. ಮೇಡಂ ನನಗೊಂದು ಹೊಸ ತೂಕದ ಯಂತ್ರ ಕೊಟ್ಟರು, ಕೆಂಪು ಅಂಕಿ ಬೆಳಗುವುದು, ಹತ್ತು ಗ್ರಾಂ ಕೂಡ ತೋರಿಸುವುದು. ಒಂದು ಪುಸ್ತಕ ಕೊಟ್ಟರು. ಅದರಲ್ಲಿ ಮೂರು ಕಾಲಂ. ಸಿಲಿಂಡರಿನ ಮೇಲೇ ಕೆತ್ತಿರುವ ಅದರ ಖಾಲಿ ತೂಕ, ನಾನು ತೂಗಿ ಬರೆಯುವ ತುಂಬಿದ ತೂಕ, ಗ್ಯಾಸಿನ ತೂಕ.

ಹನ್ನೊಂದು ತಿಂಗಳಲ್ಲಿ ಹದಿನಾರು ಸಿಲಿಂಡರು ತುಂಬಿದವು. ಫ್ರಿಜ್ಜುಗಳಿಂದ ಒಂಬತ್ತು, ಒಂದು ಮುಚ್ಚಿದ ಶೈತ್ಯಾಗಾರದಿಂದ ಐದು, ಹಳೇ ಕಾರುಗಳಿಂದ ಎರಡು. ಒಂದು ಮಂಗಳವಾರ ಬೆಳಗ್ಗೆ ಹನ್ನೊಂದಕ್ಕೆ ವ್ಯಾನು ಬಂದು ಒಯ್ದಿತು. ಬುಸ್ಸಣ್ಣ ಬೀದಿಯ ತಿರುವಿನವರೆಗೂ ವ್ಯಾನಿನ ಹಿಂದೆ ನಡೆದು ಹೋದ, ಮಗಳನ್ನು ಕಳಿಸಿಕೊಡುವವನ ಹಾಗೆ.

ಎಂಟನೇ ದಿನ ಮೇಡಂ ಬಂದರು, ಜೊತೆಯಲ್ಲಿ ಒಬ್ಬ ತೆಳ್ಳನೆಯ ಪರೀಕ್ಷಕರು. ಕುಲುಮೆಯ ಹತ್ತಿರ ಮತ್ತೆ ತೂಗಿದ್ದರಂತೆ, ನಮ್ಮ ಪುಸ್ತಕಕ್ಕೂ ಅವರ ತೂಕಕ್ಕೂ ತಾಳೆಯಾಗಿಲ್ಲವಂತೆ.

"ಕಮ್ಮಿ ಬಂತಾ?" ಅಂತ ಬುಸ್ಸಣ್ಣ ಕೇಳಿದ. ಮುಖ ಬಿಳಿಚಿಕೊಂಡಿತ್ತು.

"ಜಾಸ್ತಿ ಬಂದಿದೆ," ಅಂದರು ಪರೀಕ್ಷಕರು.

ಮಾಲೀಕರು ನಕ್ಕರು. "ಜಾಸ್ತಿ ಬಂದ್ರೆ ಒಳ್ಳೇದಲ್ವಾ ಸ್ವಾಮಿ?"

"ಇಲ್ಲ. ಇಲ್ಲಿಂದ ಹೊರಟಿದ್ದಕ್ಕಿಂತ ಜಾಸ್ತಿ ಅಲ್ಲಿಗೆ ಹೇಗೆ ಬರುತ್ತೆ? ದಾರೀಲಿ ಯಾರೋ ಏನೋ ತುಂಬಿಸಿರ್ಬೇಕು, ಇಲ್ಲಾ ಪುಸ್ತಕ ಸುಳ್ಳಿರ್ಬೇಕು. ಎರಡರಲ್ಲಿ ಯಾವುದಾದ್ರೂ ಇಡೀ ಕಂತನ್ನ ಬಿಡ್ಬೇಕಾಗುತ್ತೆ." ಅಷ್ಟು ಹೇಳಿ ಅವರು ಸೀನಿದರು. ನಮ್ಮ ಅಂಗಡಿಯ ಧೂಳು ಹೊಸಬರಿಗೆ ಆಗಿಬರುವುದಿಲ್ಲ.

ನನಗೆ ಆ ಕ್ಷಣಕ್ಕೆ ಏನೂ ಹೊಳೆಯಲಿಲ್ಲ. ಪುಸ್ತಕದ ತೂಕ ನನ್ನದು, ಕೆಳಗಿರುವ ನಾಲ್ಕು ಅಕ್ಷರ ನನ್ನವು. ಬುಸ್ಸಣ್ಣ ನನ್ನ ಮುಖ ನೋಡಿದ, ಪುಸ್ತಕ ನೋಡಿದ, ಮೂಲೆಯಲ್ಲಿ ಗವಸು ಹಾಕಿಕೊಂಡು ಕೂತಿದ್ದ ಯಂತ್ರವನ್ನು ನೋಡಿದ. ಆಮೇಲೆ ಮುಂದೆ ಬಂದು ಕೈ ಕಟ್ಟಿಕೊಂಡು ನಿಂತ.

"ಅಕ್ಕನ ತೂಕ ತಪ್ಪಲ್ಲ ಸಾರ್. ನಾನೇ... ತೂಗಿದ ಮೇಲೆ ನಾನೇ ಒಂದೊಂದಕ್ಕೂ ಸ್ವಲ್ಪ ಸ್ವಲ್ಪ ತುಂಬಿಸ್ದೆ."

ಮೇಡಂ ಕಣ್ಣು ಮುಚ್ಚಿಕೊಂಡರು. ಇದಕ್ಕಿಂತ ಕೆಟ್ಟ ಮಾತು ಅವನು ಹೇಳಲು ಸಾಧ್ಯವೇ ಇರಲಿಲ್ಲ. ಪರೀಕ್ಷಕರು ಪೆನ್ನು ತೆರೆದು ಬರೆಯಲು ಶುರುಮಾಡಿದರು.

"ಯಾವಾಗ್ರೀ ತುಂಬಿಸಿದ್ದು?" ಅಂತ ಬಾಗಿಲ ಕಡೆಯಿಂದ ಹೆಂಡತಿಯ ದನಿ ಬಂತು. ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು. "ತೂಗಿದ ತಕ್ಷಣ ಅಕ್ಕ ಒಳಗಿಟ್ಟು ಬೀಗ ಹಾಕ್ತಾರೆ. ಬೀಗದ ಕೈ ಅವರ ಸೊಂಟದಲ್ಲಿ. ಕಿಟಕಿಯಿಂದ ಬಾಯಲ್ಲಿ ಊದಿದ್ರಾ?"

"ನೀನು ಸುಮ್ನಿರೇ."

"ಇರ್ತೀನಿ, ಮೊದ್ಲು ಹೇಳಿ. ಯಾವ ಗ್ಯಾಸು? ಎಷ್ಟೆಷ್ಟು?"

ಬುಸ್ಸಣ್ಣ ಬೆರಳು ಮಡಚಿ ಎಣಿಸಲು ಶುರುಮಾಡಿದ. ಸುಳ್ಳು ಹೇಳುವುದರಲ್ಲಿ ಅವನಷ್ಟು ಹಿಂದುಳಿದವರನ್ನು ನಾನು ಕಂಡಿಲ್ಲ. ಫ್ರಿಜ್ಜಿನ ವಿಷಯದಲ್ಲಿ ಬಿಟ್ಟರೆ ಅವನು ಯಾವತ್ತೂ ಅಭ್ಯಾಸ ಮಾಡಿದವನಲ್ಲ.

ಎಷ್ಟೆಷ್ಟು ಅನ್ನುವ ಮಾತು ಕೇಳಿದಾಗ ನನಗೆ ಎಚ್ಚರವಾಯಿತು. "ಒಂದೊಂದರಲ್ಲಿ ಎಷ್ಟು ಜಾಸ್ತಿ ಬಂದಿದೆ ಅಂತ ಓದ್ತೀರಾ ಸ್ವಾಮಿ?" ಅಂತ ಪರೀಕ್ಷಕರನ್ನು ಕೇಳಿದೆ.

ಅವರು ಓದಿದರು. ಒಂದನೆಯದು ಇನ್ನೂರು ಗ್ರಾಂ. ಎರಡನೆಯದು ಇನ್ನೂರು. ಮೂರನೆಯದು ಇನ್ನೂರು. ಐದನೆಯದಕ್ಕೆ ಬರುವ ಹೊತ್ತಿಗೆ ಅವರ ದನಿಯೇ ನಿಧಾನವಾಯಿತು. ಹದಿನಾರೂ ಇನ್ನೂರೇ.

"ಅದು ಧೂಳಿನ ಪಾಲು," ಅಂದೆ ನಾನು.

ಗುಜರಿಯಲ್ಲಿ ಯಾವುದನ್ನೂ ಬಂದ ಹಾಗೇ ಬರೆಯುವುದಿಲ್ಲ. ಮೂಟೆಯ ಮಣ್ಣು, ತುಕ್ಕು, ಕಟ್ಟಿದ ದಾರ, ಅದಕ್ಕೆಲ್ಲ ಅಂತ ಸ್ವಲ್ಪ ಕಳೆದು ಬರೆಯಬೇಕು. ಮಾಲೀಕರ ತಂದೆ ಅರ್ಧ ಕೆಜಿ ಕಳೆಯುತ್ತಿದ್ದರು. ನನ್ನ ಗಂಡ ಹೋದ ವರ್ಷ ನಾನು ನೂರು ಮೂಟೆ ಕೊಡವಿ ಕೆಳಗೆ ಬಿದ್ದ ಧೂಳನ್ನು ಗುಡಿಸಿ ತೂಗಿದೆ. ಒಂದು ಮೂಟೆಗೆ ಇನ್ನೂರು ಗ್ರಾಂ ಬಂತು. ಅವತ್ತಿನಿಂದ ಇನ್ನೂರಕ್ಕಿಂತ ಒಂದು ಗ್ರಾಂ ಹೆಚ್ಚು ಕಳೆದಿಲ್ಲ, ಕಡಿಮೆಯನ್ನೂ ಕಳೆದಿಲ್ಲ. ಕಣ್ಣು ಅಂಕಿ ನೋಡುತ್ತದೆ, ಕೈ ಕಳೆದು ಬರೆಯುತ್ತದೆ. ಇಪ್ಪತ್ತಾರು ವರ್ಷದಿಂದ ನಾನು ಅದನ್ನು ಯೋಚನೆ ಮಾಡಿಯೇ ಇಲ್ಲ. ಹೊಸ ಯಂತ್ರ ಬಂತು, ಹೊಸ ಪುಸ್ತಕ ಬಂತು, ಕೈ ಮಾತ್ರ ಹಳೇದು.

ಪರೀಕ್ಷಕರು ನಂಬಲಿಲ್ಲ. ನಂಬದಿರುವುದು ಅವರ ಕೆಲಸ, ತಪ್ಪಲ್ಲ. ಅಂಗಡಿಯಲ್ಲಿ ಸುತ್ತಾಡಿ ಒಂದು ಮುರಿದ ಫ್ಯಾನು, ಒಂದು ಹಿತ್ತಾಳೆಯ ನಲ್ಲಿ, ಒಂದು ಸೈಕಲ್ ಚಕ್ರ ತಂದು ಒಂದೊಂದಾಗಿ ತೂಕದ ಯಂತ್ರದ ಮೇಲಿಟ್ಟರು. "ಬರೀರಿ," ಅಂದರು. ಬರೆದೆ. ಅವರು ಕೆಂಪು ಅಂಕಿಯನ್ನೂ ನನ್ನ ಅಂಕಿಯನ್ನೂ ನೋಡಿದರು. ಮೂರಕ್ಕೂ ಇನ್ನೂರು ಕಡಿಮೆ. ಆಮೇಲೆ ತಮ್ಮ ಕೈಚೀಲವನ್ನೇ ಇಟ್ಟರು. ಅದಕ್ಕೂ ಇನ್ನೂರು ಕಳೆದಿದ್ದೆ.

"ನನ್ನ ಚೀಲದಲ್ಲೆಲ್ಲಿದೆ ಅಮ್ಮ ಧೂಳು?"

ನಾನು ಒಂದು ಖಾಲಿ ಮೂಟೆ ತಂದು ಅವರ ಮುಂದೆ ಎರಡು ಸಲ ಕೊಡವಿದೆ. ಅವರು ಏಳು ಸಲ ಸೀನಿದರು. ಎಣಿಸಿದ್ದೇನೆ. ಕಣ್ಣು ಒರೆಸಿಕೊಂಡು, ಗೋಡೆ ಹಿಡಿದುಕೊಂಡು, ಕೊನೆಗೆ ನಗಲು ಶುರುಮಾಡಿದರು. ಮೇಡಂ ನಕ್ಕರು. ಬುಸ್ಸಣ್ಣನ ಹೆಂಡತಿ ನಗುತ್ತಾ ಹೊಸ್ತಿಲ ಮೇಲೆ ಕೂತೇಬಿಟ್ಟಳು. ಬುಸ್ಸಣ್ಣ ಒಬ್ಬನೇ ನಗದೆ, "ಹಂಗಾದ್ರೆ ಯಂತ್ರ?" ಅಂದ.

ಪರೀಕ್ಷಕರು ನನ್ನ ಹಳೇ ಪುಸ್ತಕಗಳನ್ನೂ ತರಿಸಿಕೊಂಡು ಎರಡು ಗಂಟೆ ಕೂತು ನೋಡಿದರು. ಚಹಾ ಕೊಟ್ಟೆ, ಎರಡು ಸಲ ಕುಡಿದರು. ಕುಲುಮೆಯಲ್ಲಿ ಗ್ಯಾಸಿನ ಜಾತಿ ಪರೀಕ್ಷೆ ಮಾಡಿದ್ದು ಸರಿಯಾಗಿಯೇ ಇತ್ತು, ಬೇರೇನೂ ಬೆರೆತಿರಲಿಲ್ಲ. "ಮೋಸ ಮಾಡೋರು ಹದಿನಾರು ಸಲವೂ ಒಂದೇ ಸಮ ಮಾಡಲ್ಲ," ಅಂತ ಮೇಡಂಗೆ ಹೇಳಿದರು. ಆಮೇಲೆ ತೀರ್ಮಾನ ಕೊಟ್ಟರು. ಎರಡು ತೂಕ ಬೇರೆ ಬೇರೆ ಇದ್ದರೆ ಚಿಕ್ಕದನ್ನೇ ಹಿಡಿಯಬೇಕು ಅನ್ನುವುದು ಅವರ ನಿಯಮ. ಹಾಗಾಗಿ ಪುಸ್ತಕದಲ್ಲಿರುವಷ್ಟಕ್ಕೆ ಚೀಟಿ ಸಿಗುತ್ತದೆ. ಯಂತ್ರ ಇಲ್ಲೇ ಇರುತ್ತದೆ. ಜಾಸ್ತಿ ಬಂದ ಮೂರು ಕೆಜಿ ಇನ್ನೂರು ಗ್ರಾಂ ಕುಲುಮೆಯಲ್ಲಿ ಸುಟ್ಟು ಹೋಗುತ್ತದೆ, ಅದಕ್ಕೆ ಚೀಟಿ ಇಲ್ಲ. ಇನ್ನು ಮುಂದೆ ಕಂಡದ್ದನ್ನು ಕಂಡಂತೆ ಬರೆಯಬೇಕು.

"ನನ್ನ ಕೈಯಿಂದ ನಿನಗೆ ನಷ್ಟವಾಯ್ತಲ್ಲಪ್ಪ," ಅಂದೆ ಬುಸ್ಸಣ್ಣನಿಗೆ, ಅವರೆಲ್ಲ ಹೋದ ಮೇಲೆ.

ಅವನು ಯಂತ್ರದ ಗವಸಿನ ಜಿಪ್ಪನ್ನು ಎಳೆಯುತ್ತಿದ್ದ, ಹಾಕುತ್ತಿದ್ದ. "ನಷ್ಟ ಎಲ್ಲಿಂದ ಅಕ್ಕ? ಆ ಮೂರು ಕೆಜಿ ಇನ್ನೂರನ್ನ ತೋರಿಸಿ ಯಾವ ಕಂಪನಿಯೋನೂ ಹೊಗೆ ಬಿಡೋ ಹಂಗಿಲ್ಲ, ಅಲ್ವಾ? ಅದು ಮಾರಿದ್ದಲ್ಲ. ಅಷ್ಟು ಪೂರ್ತಿ ಆಕಾಶಕ್ಕೇ ಉಳೀತು." ಜಿಪ್ಪನ್ನು ಪೂರ್ತಿ ಹಾಕಿ, "ಅವತ್ತಿನ ನೂರು ಗ್ರಾಂ ಅದರಲ್ಲಿ ಮುರ್ಕೊಳ್ಳಿ," ಅಂದ.

ನಾನು ಹದಿನೆಂಟು ವರ್ಷದ ಹಿಂದಿನ ಪುಸ್ತಕ ತೆಗೆದು, ಮೋಡದ ಚಿತ್ರದ ಮೇಲೆ ಅಡ್ಡಗೆರೆ ಎಳೆದೆ. ಅವನು ಪಕ್ಕದಲ್ಲಿ ನಿಂತು ನೋಡಿದ. ಇಷ್ಟು ವರ್ಷ ಅದನ್ನು ನಿಜವಾಗಿಯೂ ಬರೆದಿಟ್ಟಿದ್ದೆ ಅಂತ ಅವನಿಗೆ ಗೊತ್ತೇ ಇರಲಿಲ್ಲ.

ಈಗ ಆರು ಮೆಕ್ಯಾನಿಕ್ಕರು ಹಾಲು ಕರೆಯುತ್ತಾರೆ. ಅವರಿಗೆ ಕಲಿಸುವವನು ಬುಸ್ಸಣ್ಣ. ನಾನು ತೂಗುವಾಗ ಬಲಗೈಯ ಹೆಬ್ಬೆರಳಿಗೆ ಒಂದು ಕೆಂಪು ದಾರ ಕಟ್ಟಿಕೊಳ್ಳುತ್ತೇನೆ, ಕಳೆಯಬಾರದು ಅಂತ ನೆನಪಿಗೆ. ಅದನ್ನು ಅವನ ಹೆಂಡತಿಯೇ ತನ್ನ ರೀಲಿನಿಂದ ಕತ್ತರಿಸಿ ಕೊಟ್ಟದ್ದು.

ಮೊನ್ನೆ ಶುಕ್ರವಾರ ಅವನು ಅಂಗಡಿಗೆ ಬಂದಾಗ ತೋಳಿನಲ್ಲಿ ಒಂದು ಪುಟ್ಟ ಸಿಲಿಂಡರು ಇತ್ತು, ಹೂಜಿಯಷ್ಟು ದೊಡ್ಡದು. ಹಿಂದೆಯೇ ಹೆಂಡತಿ. ಅವಳ ಕಣ್ಣು ಕೆಂಪಾಗಿತ್ತು, ಬಾಯಿ ನಗುತ್ತಿತ್ತು. ಕೆನೆ ಬಣ್ಣದ ಫ್ರಿಜ್ಜು ಕೊನೆಗೂ ನಿಂತುಹೋಯಿತಂತೆ. ಅವಳೇ, ಬಿಚ್ಚಿ ಅಂದಳಂತೆ. ಬಿಚ್ಚುವಾಗ ಅವನು ಒಪ್ಪಿಕೊಂಡನಂತೆ, ಆ ನಾಲ್ಕು ಸಲವೂ ಗ್ಯಾಸು ತಾನಾಗಿ ಸೋರಿದ್ದಲ್ಲ ಅಂತ.

"ನಂಗೆ ಎರಡನೇ ಸಲಕ್ಕೇ ಗೊತ್ತಿತ್ತು," ಅಂದಳು ಅವಳು.

"ಮತ್ತೆ ಯಾಕೆ ಹೇಳ್ಲಿಲ್ಲ?" ಅಂತ ನಾನು ಕೇಳಿದೆ.

"ಹೇಳಿದ್ರೆ ಮೂರನೇ ಸಲ ಬರ್ತಿದ್ರಾ?"

ಬುಸ್ಸಣ್ಣ ಕಿವಿಯವರೆಗೂ ಕೆಂಪಾದ. ಸಿಲಿಂಡರನ್ನು ನನ್ನ ಯಂತ್ರದ ಮೇಲೆ ಮೆಲ್ಲಗೆ ಇಟ್ಟ. ಖಾಲಿ ತೂಕ ಕಳೆದರೆ ಗ್ಯಾಸು ನೂರಾ ಹತ್ತು ಗ್ರಾಂ. ನಾನು ಪುಸ್ತಕ ತೆರೆದೆ. ಅವನು ಹಾಳೆಯ ಮೇಲೆ ಅಂಗೈ ಇಟ್ಟ.

"ಮೇಡಂನ ಕೇಳಿದ್ದೀನಿ ಅಕ್ಕ. ಲೆಕ್ಕಕ್ಕೆ ಸೇರಿಸ್ದೆ ಸುಡಿಸೋದಕ್ಕೆ ಅಡ್ಡಿಯಿಲ್ಲವಂತೆ. ಆದ್ರೆ ತೂಗಿದೋರು ಒಪ್ಬೇಕು." ಹೆಂಡತಿಯ ಕಡೆ ಒಮ್ಮೆ ನೋಡಿ, ನನ್ನ ಹೆಬ್ಬೆರಳಿನ ದಾರವನ್ನು ತೋರಿಸಿದ. "ಇದನ್ನ ಮಾರೋಕೆ ನಂಗೆ ಮನಸ್ಸಿಲ್ಲ. ಇದೊಂದು ಸಲ ಆ ದಾರ ಬಿಚ್ಚಿಟ್ಟು, ಪೂರ್ತಿ ನೂರಾ ಹತ್ತನ್ನೂ ಧೂಳಿನ ಪಾಲು ಅಂತ ಕಳೀತೀರಾ?"